ಉಣ್ಣುವವರ ಮುಖ

ಹಳೇ ಪೇಟೆಯನ್ನು ನಾನು ಹುಟ್ಟಿದಾಗಿನಿಂದ ಹೊರಗಿನಿಂದಲೇ ನೋಡಿದವಳು. ಬಸ್ಸು ಅದರ ಕೋಟೆಗೋಡೆಯನ್ನು ಬಳಸಿಕೊಂಡು ಹೋಗುತ್ತದೆ. ಬಸ್ಸು ಹೋಗದ ಕಡೆ ನಮ್ಮ ಮನೆಯವರೂ ಹೋಗುತ್ತಿರಲಿಲ್ಲ. ಗೋಡೆಯ ಒಳಗೆ ಊಟದ ಜಾಗಗಳಿವೆಯಂತೆ, ಒಂದಕ್ಕೂ ಬೋರ್ಡಿಲ್ಲವಂತೆ, ಗೊತ್ತಿದ್ದವರು ಹೇಳಿಕೊಟ್ಟರಷ್ಟೇ ಬಾಗಿಲು ಕಾಣುವುದಂತೆ ಎಂದು ನಮ್ಮ ಅಂಗಡಿಗೆ ಬರುವವರು ಹೇಳುತ್ತಿದ್ದರು. ನನ್ನದು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಕಣ್ಣು ಮಂಜಾದವರು ಹೇಳುವ ಅದ್ಭುತಗಳನ್ನು ಎಷ್ಟು ನಂಬಬಹುದೋ ಅಷ್ಟೇ ನಂಬಿದ್ದೆ.

ಆ ಬೆಳಿಗ್ಗೆ ನಾನು, ಅಕ್ಕ, ಭಾವ ಮೂವರೂ ಅಲ್ಲಿಗೆ ಹೊರಟದ್ದು ಅಕ್ಕ ಒಂದು ಮಾತು ಹೇಳಬೇಕಾಗಿದ್ದರಿಂದ. ಹೂಂ, ಇಲ್ಲವೇ ಉಹೂಂ.

ಅಕ್ಕ ದೊಡ್ಡಾಸ್ಪತ್ರೆಯ ಅಡುಗೆಯವಳು. ಇಪ್ಪತ್ತು ವರ್ಷ ಅದರ ನೆಲಮಾಳಿಗೆಯಲ್ಲಿ ಬೇಯಿಸಿದ್ದಾಳೆ. ಅಲ್ಲಿ ಕಿಟಕಿಯಿಲ್ಲ. ಬೆಂದದ್ದನ್ನು ತಟ್ಟೆಗಳಿಗೆ ಹಾಕಿ, ಮುಚ್ಚಿ, ಗಾಡಿಯಲ್ಲಿ ಜೋಡಿಸಿ ಲಿಫ್ಟಿನೊಳಕ್ಕೆ ತಳ್ಳಿದರೆ ಅವಳ ಕೆಲಸ ಮುಗಿಯಿತು. ಲಿಫ್ಟು ಭಾವನದು. ಅವರು ಗಾಡಿಯನ್ನು ಮೇಲಿನ ಮಹಡಿಗೆ ಮುಟ್ಟಿಸುತ್ತಾರೆ, ನರ್ಸಮ್ಮಂದಿರು ಎಳೆದುಕೊಳ್ಳುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಅವರಿಬ್ಬರ ಮದುವೆ ಕುದುರಿದ್ದೂ ಆ ಬಾಗಿಲಲ್ಲೇ. "ದಿನಾ ಹತ್ತಿ ಇಳಿಯೋನು ನಾನು, ಮನೇಲಿ ಮೇಲುಗೈ ಮಾತ್ರ ಕೆಳಗೇ ಇದ್ದೋಳದ್ದು," ಎಂದು ಭಾವ ಬಂದವರಿಗೆಲ್ಲ ಹೇಳಿ, ತಾವೇ ಮೊದಲು ನಗುತ್ತಾರೆ.

ಈಗ ಆಸ್ಪತ್ರೆಯವರು ಆ ಅಡುಗೆಮನೆಯನ್ನೇ ಮುಚ್ಚಿದ್ದರು. ಇನ್ನು ಊಟ ಹೊರಗಿನ ಒಂದು ಕಂಪನಿಯಿಂದ ಡಬ್ಬಿಗಳಲ್ಲಿ ಬರುತ್ತದೆ. ಆ ಕಂಪನಿ ಅಕ್ಕನನ್ನು ಡಬ್ಬಿಗೆ ಮುಚ್ಚಳ ಹಾಕುವ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿತ್ತು. ನಾಳೆ ಉತ್ತರ ಹೇಳಬೇಕು. ಇನ್ನೊಂದು ದಾರಿ ಬಂದದ್ದು ನನ್ನ ಅಂಗಡಿಯ ಮೂಲಕ. ಹಳೇ ಪೇಟೆಯಿಂದ ಬರುವ ಒಬ್ಬ ವಯಸ್ಸಾದ ಹೆಂಗಸು, ಎಲ್ಲರೂ ಆಕೆಯನ್ನು ಯಜಮಾನಿ ಎನ್ನುತ್ತಾರೆ, ತಮ್ಮದೊಂದು ಕೋಣೆ ಖಾಲಿಯಿದೆ, ಅನ್ನ ಹಾಕುವ ಕೈಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ ಎಂದಿದ್ದರು. ಅಕ್ಕನ, ಭಾವನ ವಿಷಯ ಹೇಳಿದೆ. "ಕರ್ಕೊಂಡು ಬಾ. ಆದ್ರೆ ಕೋಣೆ ಆಮೇಲೆ. ಮೊದ್ಲು ಪೇಟೆನ ತಿಂದು ನೋಡ್ಲಿ," ಎಂದು, ಎಲ್ಲೆಲ್ಲಿ ನುಗ್ಗಬೇಕು ಎಂದು ನನಗೆ ಪಾಠ ಒಪ್ಪಿಸಿದಂತೆ ಹೇಳಿಕೊಟ್ಟಿದ್ದರು.

ಅಕ್ಕ ಎರಡು ದಿನದಿಂದ ಸರಿಯಾಗಿ ಮಾತಾಡಿರಲಿಲ್ಲ. ಹೊರಡುವಾಗ ಸೆರಗು ಸರಿಮಾಡಿಕೊಳ್ಳುತ್ತಾ ಕನ್ನಡಿಗೆ ಹೇಳಿದಳು:

"ತಿನ್ನೋರು ಎದುರಿಗೇ ಕೂತಿರ್ತಾರಲ್ಲೇ."

"ಹೋಟ್ಲು ಅಂದ್ಮೇಲೆ ಇನ್ನೆಲ್ಲಿ ಕೂರ್ತಾರೆ, ಅಟ್ಟದ ಮೇಲಾ?" ಎಂದರು ಭಾವ.

"ನಿಮಗೆ ತಮಾಷೆ. ನನ್ನ ಅಡುಗೇನ ಒಬ್ರೂ ತಿನ್ನೋದು ನಾನು ಇವತ್ತಿನವರೆಗೆ ಕಂಡಿಲ್ಲ."

"ನಾವೇನು ಗೋಡೆಗೆ ಮೆತ್ತುತ್ತಾ ಇದ್ವಾ?" ಎಂದೆ ನಾನು.

"ನೀವು ಲೆಕ್ಕಕ್ಕಿಲ್ಲ ಬಿಡು. ಮನೆಯವರು ಹಸಿದಿರ್ತಾರೆ, ತಿಂತಾರೆ."

ಅದು ನಿಜ. ಉಣ್ಣುವವರ ಬಗ್ಗೆ ಅವಳಿಗೆ ಗೊತ್ತಿದ್ದದ್ದೆಲ್ಲ ವಾಪಸು ಬಂದ ತಟ್ಟೆಗಳಿಂದ. ಬಳಿದ ತಟ್ಟೆ, ಅರ್ಧ ಬಿಟ್ಟ ತಟ್ಟೆ, ಮುಚ್ಚಳವನ್ನೇ ತೆಗೆಯದ ತಟ್ಟೆ. ಮುಚ್ಚಳ ತೆಗೆಯದೆ ಬಂದ ತಟ್ಟೆಯನ್ನು ಅವಳು ಬೇರೆಯವರಿಗೆ ತೊಳೆಯಲು ಕೊಡುತ್ತಿರಲಿಲ್ಲವಂತೆ. ಮುಖಗಳು ಮಾತ್ರ ಯಾವಾಗಲೂ ಮೇಲೆ, ಛಾವಣಿಯ ಆಚೆ. ಆ ಮುಖಗಳ ಎದುರು ನಿಲ್ಲಲು ತನ್ನಿಂದಾಗುತ್ತದೆಯೇ ಎಂಬುದೇ ಅವಳ ಭಯ. ಆಗುವುದಿಲ್ಲ ಎಂದಾದರೆ ನಾಳೆಯಿಂದ ಮುಚ್ಚಳ.

ಕೋಟೆಬಾಗಿಲು ದಾಟಿದ ಕೂಡಲೆ ಊರಿನ ಸದ್ದು ಕಡಿದುಬಿತ್ತು. ಓಣಿಗಳು ಎಷ್ಟು ಕಿರಿದೆಂದರೆ ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಬಾಗಿಲ ಸಂದಿಗೆ ಸರಿದು ನಿಲ್ಲಬೇಕು. ಹಾಗೆ ನಿಲ್ಲಲೆಂದೇ ಪ್ರತಿ ಮನೆಯ ಹೊಸ್ತಿಲೂ ಸವೆದು ಗುಳಿಬಿದ್ದಿತ್ತು. ಯಜಮಾನಿ ಹೇಳಿದ ಮೊದಲ ಗುರುತು ಒಂದು ಕ್ಷೌರದಂಗಡಿ. ಕ್ಷೌರಿಕ ಒಬ್ಬರ ಕೆನ್ನೆಗೆ ಸೋಪು ಹಚ್ಚುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಕತ್ತಿಯ ತುದಿಯಿಂದ ಹಿಂದಿನ ಪರದೆ ತೋರಿಸಿದ.

"ಸೂಪು ತಾನೇ? ಒಳಗೆ ಹೋಗಿ. ಮೆಲ್ಲಗೆ ಮಾತಾಡಿ."

ಪರದೆಯ ಹಿಂದೆ ಮೆಟ್ಟಿಲು. ಇಳಿದೆವು, ಇನ್ನೂ ಇಳಿದೆವು. "ನಮ್ಮ ಹಣೇಲಿ ನೆಲಮಾಳಿಗೆ ಬಿಟ್ರೆ ಬೇರೆ ಬರೆದಿಲ್ಲ," ಎಂದು ಭಾವ ಗೊಣಗಿದರು.

ಅದೊಂದು ಹಳೆಯ ನೀರಿನ ತೊಟ್ಟಿ. ಕೋಟೆಯವರು ಮುತ್ತಿಗೆಯ ಕಾಲಕ್ಕೆಂದು ನೆಲದಡಿಯಲ್ಲಿ ಕಟ್ಟಿಸಿದ್ದು, ಎಂದೋ ಬತ್ತಿಹೋದದ್ದು. ದುಂಡಗಿನ ಗೋಡೆ, ಸುತ್ತಲೂ ಮೆಟ್ಟಿಲ ಸಾಲು, ನೆತ್ತಿಯಲ್ಲಿ ಒಂದು ಬಾವಿಯ ಬಾಯಿಯಷ್ಟು ಆಕಾಶ. ಅಲ್ಲಿಂದ ಬಿಸಿಲು ಕಂಬದಂತೆ ಇಳಿದು ನೆಲಕ್ಕೆ ಊರಿಕೊಂಡಿತ್ತು. ಜನ ಮೆಟ್ಟಿಲುಗಳ ಮೇಲೆ ಅಲ್ಲಲ್ಲಿ ಕೂತು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಸೂಪು ಕುಡಿಯುತ್ತಿದ್ದರು. ಬಟ್ಟಲುಗಳಿಂದ ಏಳುವ ಹಬೆ ಎಲ್ಲ ಕಡೆಯಿಂದಲೂ ಆ ಬಿಸಿಲಿನ ಕಂಬದ ಕಡೆಗೇ ವಾಲಿ, ಅದರೊಳಗೆ ಸೇರಿಕೊಂಡು ಮೇಲೆ ಹೋಗುತ್ತಿತ್ತು. ಯಾರದೋ ಚಮಚ ಬಟ್ಟಲಿಗೆ ತಗುಲಿತು. ಆ ಸದ್ದು ಗೋಡೆಯ ಗುಂಟ ಸುತ್ತು ಹೊಡೆದು, ನಮ್ಮ ಬೆನ್ನ ಹಿಂದೆ ಹಾದು, ಹೊರಟ ಕಡೆಗೇ ಮರಳಿತು.

ನಾನು ಜೀವಮಾನವೆಲ್ಲ ಇದರ ಮೇಲೆ, ಹೊರಗೆ, ಬಸ್ಸಿನಲ್ಲಿ ಸುತ್ತು ಹಾಕಿದ್ದೆ.

ಸೂಪು ಕೊಡುವವಳು ಕೈಸನ್ನೆಯಲ್ಲೇ ಎಷ್ಟು ಜನ ಎಂದು ಕೇಳಿ ಬಟ್ಟಲು ಕೊಟ್ಟಳು. ಗೆಣಸು, ಮೆಣಸು, ಇನ್ನೇನೋ ಸುಟ್ಟ ವಾಸನೆ. ಭಾವ ಒಂದು ಗುಟುಕು ಕುಡಿದು ನನ್ನ ಕಿವಿಗೆ ಬಾಗಿ, ಉಸಿರಿಗಿಂತ ಮೆಲ್ಲಗೆ, "ಕನ್ನಡಕಮ್ಮ, ಆ ಕಡೆ ಕೂತಿದ್ದಾನಲ್ಲ ಬೋಳುತಲೆ, ಅವನ ತಲೆ ಮೇಲೂ ಬಿಸಿಲು ಬಿದ್ರೆ ಇಲ್ಲಿ ಎರಡು ದೀಪ," ಎಂದರು.

"ಕೇಳಿಸ್ತು," ಎಂದಿತು ತೊಟ್ಟಿಯ ಆಚೆಯ ದಡದಿಂದ ಒಂದು ಗಂಭೀರ ದನಿ, ನಮ್ಮ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ.

ಭಾವ ಬಟ್ಟಲಿನೊಳಗೆ ಮುಖ ಹುದುಗಿಸಿದರು. ತೊಟ್ಟಿಯ ತುಂಬ ಎಲ್ಲರೂ ನಗದಿರಲು ಒದ್ದಾಡುವ ಸದ್ದು ಸುತ್ತಿತು. ಅಕ್ಕ ಮಾತ್ರ ಇದ್ಯಾವುದನ್ನೂ ಗಮನಿಸಿರಲಿಲ್ಲ. ಅವಳ ಬಟ್ಟಲು ತಣ್ಣಗಾಗುತ್ತಿತ್ತು. ಕೆಳಗಿನ ಮೆಟ್ಟಿಲಲ್ಲಿ ಒಬ್ಬಳು ಕೂತಿದ್ದಳು, ಮೊಣಕಾಲ ಮೇಲೆ ಅಂಚೆಚೀಲ. ಗುಟುಕಿಗೊಮ್ಮೆ ಕಣ್ಣು ಮುಚ್ಚುವಳು, ಕತ್ತಿನ ನರ ಇಳಿಯುವುದು, ಹುಬ್ಬು ಬಿಚ್ಚಿಕೊಳ್ಳುವುದು, ಆಮೇಲೆ ಕಣ್ಣು ತೆರೆಯುವಳು. ಅಕ್ಕ ಅದನ್ನು, ಕಡಲು ಕಾಣದವರು ಕಡಲು ನೋಡುವ ಹಾಗೆ ನೋಡುತ್ತಿದ್ದಳು.

"ಹೀಗಿರುತ್ತಾ?" ಎಂದಳು ಮೇಲೆ ಬಂದ ಮೇಲೆ.

"ಏನು?"

"ತಿನ್ನೋವಾಗ."

ಎರಡನೆಯದು ಒಲೆ. ಯಜಮಾನಿ ಅದನ್ನು ಹಾಗೇ ಕರೆದಿದ್ದರು, 'ಒಲೆಗೆ ಹೋಗಿ' ಎಂದು. ಅದಕ್ಕೆ ಬೇರೆ ಹೆಸರು ಬೇಕಿಲ್ಲವೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಬ್ರೆಡ್ಡು ಸುಡುವ ಒಂದು ದೊಡ್ಡ ಕಲ್ಲಿನ ಗೂಡು. ಪೇಟೆಯಲ್ಲಿ ಮನೆಗಳಿಗಿಂತ ಅದೇ ಹಳೆಯದು. ಮೊದಲು ಒಲೆಯಿತ್ತು, ಚಳಿಗೆ ಜನ ಅದರ ಸುತ್ತ ಬಂದು ಗೋಡೆ ಎಬ್ಬಿಸಿಕೊಂಡರು, ಹಾಗಾಗಿ ಸುತ್ತಲಿನ ಮನೆಗಳಿಗೆಲ್ಲ ಒಂದು ಗೋಡೆ ಸಮವಾಗಿ ಬೆಚ್ಚಗೆ. ಅವುಗಳಲ್ಲೊಂದರ ಮಹಡಿಗೆ ಏಣಿ ಹತ್ತಿ ಹೋಗಬೇಕು. ಹೋದವರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನೆಲದ ಮೇಲೆ ಕೂರಬೇಕು. ಅಷ್ಟೇ. ಮೇಜಿಲ್ಲ, ಕೇಳುವವರಿಲ್ಲ. ನೆಲದಲ್ಲಿ ಒಂದು ಚೌಕ ಕಂಡಿ. ಅದರಿಂದ ಆಗಾಗ ಒಂದು ಬುಟ್ಟಿ ತಾನಾಗಿ ಎಂಬಂತೆ ಮೇಲೆ ಬರುತ್ತದೆ, ಬ್ರೆಡ್ಡು ಕೈಯಿಂದ ಕೈಗೆ ಸಾಗುತ್ತದೆ, ಬೆಣ್ಣೆಯ ಬೋಗುಣಿ ಅದರ ಹಿಂದೆ.

ನಾವು ಕೂತೆವು. ಗೋಡೆಯ ಶಾಖ ಬೆನ್ನುಮೂಳೆಯ ಒಂದೊಂದೇ ಮಣಿಗೆ ಏರಿತು. ಪಕ್ಕದ ಅಜ್ಜಿಯೊಬ್ಬರು ಬಿಸಿ ಬ್ರೆಡ್ಡನ್ನು ಮುರಿದು, ತಾವು ತಿನ್ನುವ ಮೊದಲು ಒಂದು ಚೂರನ್ನು ಅಕ್ಕನ ಕೈಗಿಟ್ಟರು.

"ಹೊಸಬರಾ?"

"ಹೂಂ."

"ಬೆನ್ನು ಒತ್ತಿ ಕೂತ್ಕೋಮ್ಮ. ಅರ್ಧ ರುಚಿ ಬೆನ್ನಿಂದ."

ಮಾತಿಗೆ ಹೇಳಿದರೆಂದುಕೊಂಡೆ. ಒತ್ತಿ ಕೂತು ತಿಂದೆ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಯಾರು ಇದನ್ನೆಲ್ಲ ಯೋಚಿಸಿದರು, ಎಷ್ಟು ತಲೆಮಾರು ಹೀಗೆ ಬೆನ್ನು ಕಾಯಿಸಿಕೊಂಡು ಬ್ರೆಡ್ಡು ಮುರಿದಿದೆ ಎಂದು ಯೋಚಿಸಿದರೆ ತಲೆ ಸುತ್ತಿ ಬಂತು. ಗೋಡೆಯಲ್ಲಿ ನನ್ನ ಬೆನ್ನಿದ್ದ ಕಡೆ ಕಲ್ಲು ಒಳಕ್ಕೆ ಸವೆದಿತ್ತು. ಬೆನ್ನುಗಳಿಂದ ಸವೆದದ್ದು.

ಭಾವ ಎರಡನೇ ಬುಟ್ಟಿಗೂ ಕೈಹಾಕಿದರು. "ಏ ಇವಳೇ, ಇಲ್ಲೇ ಒಂದು ಮೂಲೇಲಿ ನನ್ನನ್ನ ಬಿಟ್ಟುಬಿಡಿ. ಪಿಂಚಣಿ ಬಂದಾಗ ಹೇಳಿ ಕಳಿಸಿ."

ಅಕ್ಕ ನಗಲಿಲ್ಲ. ಏಣಿ ಇಳಿದು ಓಣಿಗೆ ಬಂದವಳೇ ಗೋಡೆಗೆ ಕೈಕೊಟ್ಟು ನಿಂತುಬಿಟ್ಟಳು.

"ವಾಪಸ್ ಹೋಗೋಣ."

"ಯಜಮಾನಿ ಕಾಯ್ತಿರ್ತಾರೆ ಅಕ್ಕಾ."

"ಕಾದು ಏನ್ ಮಾಡ್ತಾರೆ? ನೋಡಿದ್ಯಲ್ಲ ಇಲ್ಲಿ ಊಟ ಅಂದ್ರೆ ಏನು ಅಂತ. ಇವರ ಮಧ್ಯೆ ನಾನು ಹೋಗಿ ಏನು ಇಡ್ಲಿ? ರೋಗಿಗಳಿಗೆ ಹಾಕೋ ಬೇಳೆನಾ?" ಅವಳ ದನಿ ತಗ್ಗಿತು. "ಮುಚ್ಚಳ ಹಾಕೋದೇ ವಾಸಿ. ಡಬ್ಬಿ ಮುಖ ಕಿವಿಚಲ್ಲ."

"ಬೇಡ ಅನ್ನೋದನ್ನಾದ್ರೂ ಎದುರಿಗೆ ಹೇಳಿ ಹೋಗೋಣ," ಎಂದರು ಭಾವ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಕರೆದವರ ಮನೆಗೆ ಹೋಗದೆ ಇದ್ರೆ ಚೆನ್ನಾಗಿರಲ್ಲ. ಹೇಳಿಬಿಡು, ನಾನೂ ಜೊತೇಲಿರ್ತೀನಿ."

ಹೀಗೆ, ಬೇಡ ಎನ್ನಲೆಂದೇ ನಾವು ಯಜಮಾನಿಯ ಮನೆಗೆ ಹೋದದ್ದು.

ಬಾಗಿಲು ದಾಟಿದರೆ ಒಂದೇ ಒಂದು ಮೇಜು. ಅದು ಕೋಣೆಯ ಉದ್ದಕ್ಕೂ ಹೋಗಿ, ಗೋಡೆಯಲ್ಲಿ ಕೊರೆದ ಕಂಡಿಯಲ್ಲಿ ತೂರಿ, ಪಕ್ಕದ ಮನೆಯೊಳಗೂ ಮುಂದುವರಿದಿತ್ತು. ಅಣ್ಣತಮ್ಮಂದಿರಿಬ್ಬರು ಎಂದೋ ಪಾಲಾದಾಗ ಮನೆ ಹೋಳು ಮಾಡಿದರಂತೆ, ಮೇಜನ್ನು ಕತ್ತರಿಸಲು ಮಾತ್ರ ಇಬ್ಬರಿಗೂ ಮನಸ್ಸು ಬರಲಿಲ್ಲವಂತೆ. ಗೋಡೆಯನ್ನೇ ಮೇಜಿನ ಮೇಲೆ ಕಮಾನಿನಂತೆ ದಾಟಿಸಿ ಕಟ್ಟಿದರು. ಈಗ ಆ ತುದಿಯಲ್ಲಿ ಕೂತವರು ಒಂದು ಮನೆಯಲ್ಲಿ, ಈ ತುದಿಯಲ್ಲಿ ಕೂತವರು ಇನ್ನೊಂದರಲ್ಲಿ. ನಡುವೆ ಕೂತವರ ಎಡಗೈ ಒಂದು ಮನೆ, ಬಲಗೈ ಒಂದು ಮನೆ. ಮರ ಸವೆದು ಕಪ್ಪಾಗಿ, ಮೇಲಿನ ಗವಾಕ್ಷಿಯ ಬೆಳಕಿಗೆ ನೀರಿನಂತೆ ಹೊಳೆಯುತ್ತಿತ್ತು. ಬೇಡ ಎನ್ನಲು ಬಂದವಳು ಆ ಮೇಜನ್ನು ನೋಡಿ ಹೊಸ್ತಿಲಲ್ಲೇ ಚಪ್ಪಲಿ ಬಿಡುವುದನ್ನೂ ಮರೆತಳು.

"ಬಂದ್ರಾ!" ಒಳಗಿನಿಂದ ಯಜಮಾನಿ ಬಂದರು, ಗಿಡ್ಡ ಆಳು, ನಾನು ಕೂರಿಸಿಕೊಟ್ಟ ದಪ್ಪ ಗಾಜು ಮೂಗಿನ ತುದಿಯಲ್ಲಿ. "ಆಸ್ಪತ್ರೆ ಅಡುಗೆಯೋಳು ನೀನೇನಾ? ಒಳ್ಳೇ ಹೊತ್ತಿಗೆ ಬಂದೆ ತಾಯಿ. ನಮ್ಮ ಅಡುಗೆಯವನಿಗೆ ಹಲ್ಲುನೋವು, ಕೆನ್ನೆ ಹಿಡ್ಕೊಂಡು ಓಡಿದ. ಬೇಳೆ, ಕುಂಬಳಕಾಯಿ ಒಲೆ ಮೇಲಿದೆ. ಇನ್ನೂ ಒಗ್ಗರಣೆ ಇಲ್ಲ, ಏನಿಲ್ಲ. ಹಿಡಿ ಸೌಟು."

"ಅಮ್ಮಾ, ನಾನು ಬಂದಿದ್ದು..."

"ಮಾತು ಆಮೇಲೆ. ಇಲ್ಲಿ ಮುಂಚೆ ಬಂದೋರು ಕೈ ಹಾಕ್ಬೇಕು, ಅದು ಈ ಮನೆ ಪದ್ಧತಿ. ರೀ ಸ್ವಾಮಿ, ಲಿಫ್ಟು, ನೀವು ತಟ್ಟೆ ಇಡಿ. ಅಭ್ಯಾಸ ಇದೆ ತಾನೇ?"

"ಮೇಲೆ ಕೆಳಗೆ ಇದೆ. ಅಡ್ಡಡ್ಡ ಇಲ್ಲ," ಎಂದರು ಭಾವ, ತಟ್ಟೆಯ ರಾಶಿಯನ್ನು ಎತ್ತಿಕೊಳ್ಳುತ್ತಾ.

ಅಕ್ಕ ಒಲೆಯ ಮುಂದೆ ಹೋದಳು. ಕುದಿಯುವ ಪಾತ್ರೆಯೊಂದು ಎದುರಿಗೆ ಬಂದರೆ ಅವಳ ಕೈಗಳಿಗೆ ಅವಳ ಅಪ್ಪಣೆ ಬೇಕಿಲ್ಲ. ಬೆಳ್ಳುಳ್ಳಿಯನ್ನು ಸಿಪ್ಪೆಸಮೇತ ಕೆಂಡಕ್ಕೆ ಹಾಕಿದಳು. ಜೀರಿಗೆ ಹುರಿದಳು. ನಿಂಬೆಹಣ್ಣಿನ ಸಿಪ್ಪೆಯನ್ನು ತೆಳ್ಳಗೆ ಸುಲಿದು, ಬೇಳೆಗೆ ಬಿಟ್ಟು, ಮತ್ತೆ ಎತ್ತಿ ತೆಗೆದಳು. ಸುಟ್ಟ ಬೆಳ್ಳುಳ್ಳಿಯನ್ನು ಜಜ್ಜಿ ಸೇರಿಸಿದಳು. ಪಾತ್ರೆಗೆ ಮುಚ್ಚಳ. ನಾನು ತಟ್ಟೆಗಳಿಗೆ ಅನ್ನ ಹಾಕಿದೆ, ಅವಳು ಅದರ ಮೇಲೆ ಬೇಳೆ ಸುರಿದಳು, ಭಾವ ಒಯ್ದರು. ಅವಳು ತಲೆಯೆತ್ತಲಿಲ್ಲ. ಗೋಡೆಯ ಮರೆಯ ಆ ಅಡುಗೆಮನೆಯಲ್ಲಿ ಕೊನೆಯ ತಟ್ಟೆ ಹೋಗುವವರೆಗೂ ಅವಳು ತನ್ನ ನೆಲಮಾಳಿಗೆಯಲ್ಲೇ ಇದ್ದಳು.

ಆಮೇಲೆ ಮೇಜಿನ ಕಡೆಯಿಂದ ಬರುತ್ತಿದ್ದ, ಊಟಕ್ಕೆ ಬಂದು ಕೂತವರ ಗಲಗಲ ನಿಂತುಹೋಯಿತು.

ಒಂದೇ ಸಲಕ್ಕಲ್ಲ. ಈ ಮನೆಯಲ್ಲಿ ಮೊದಲು, ಆಮೇಲೆ ಕಮಾನಿನ ಆಚೆಯ ಮನೆಯಲ್ಲಿ. ಭಾವ ಖಾಲಿ ಕೈಯಲ್ಲಿ ಅಡುಗೆಮನೆಗೆ ಬಂದರು.

"ಉಪ್ಪು ಹಾಕಿದ್ಯಾ?"

ಅಕ್ಕ ಸೌಟನ್ನು ನೋಡಿದಳು. ಪಾತ್ರೆಯನ್ನು ನೋಡಿದಳು.

ಆಸ್ಪತ್ರೆಯಲ್ಲಿ ಉಪ್ಪು ಅಡುಗೆಯವರ ಕೆಲಸವಲ್ಲ. ಯಾರಿಗೆ ಎಷ್ಟು ಉಪ್ಪು, ಯಾರಿಗೆ ಇಲ್ಲವೇ ಇಲ್ಲ ಎಂಬುದು ಮಹಡಿಯ ಡಾಕ್ಟರರ ಮಾತು. ಅದು ಚಿಕ್ಕ ಪೊಟ್ಟಣಗಳಲ್ಲಿ ಮೇಲೆಯೇ ತಟ್ಟೆಗೆ ಸೇರುತ್ತದೆ. ಪಾತ್ರೆಗೆ ಉಪ್ಪು ಹಾಕಿದರೆ ಕೆಲಸ ಹೋಗುತ್ತದೆ. ಇಪ್ಪತ್ತು ವರ್ಷದಲ್ಲಿ ಆ ಕೈಗೆ ಉಪ್ಪಿನ ಡಬ್ಬಿಯ ದಾರಿಯೇ ಮರೆತುಹೋಗಿತ್ತು. ನಮ್ಮ ಮನೆಯಲ್ಲೂ ಅಷ್ಟೇ, ಉಪ್ಪಿನ ಬಟ್ಟಲು ಊಟದ ಜಾಗದಲ್ಲಿರುತ್ತದೆ, ಅವರವರ ಉಪ್ಪು ಅವರವರಿಗೆ. ನಮಗೆ ಅದು ವಿಚಿತ್ರವೆಂದು ಯಾವತ್ತೂ ಅನ್ನಿಸಿರಲಿಲ್ಲ. ನಾನೂ ಪಕ್ಕದಲ್ಲೇ ನಿಂತಿದ್ದೆ, ಭಾವನೂ ಇದ್ದರು. ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

"ಹಿತ್ತಿಲ ಬಾಗಿಲಿದೆಯಾ ನೋಡೇ," ಎಂದಳು ಅಕ್ಕ ನನಗೆ.

ಅಷ್ಟರಲ್ಲಿ ಮೇಜಿನಿಂದ ಒಂದು ಹೆಣ್ಣುದನಿ ಬಂತು. ಸಿಟ್ಟಿನದಲ್ಲ. ದಾರಿಯಲ್ಲಿ ಹಳೆಯ ನೆಂಟರು ಎದುರಾದಾಗ ಬರುವಂಥದ್ದು.

"ಅಯ್ಯೋ, ಇದು ದೊಡ್ಡಾಸ್ಪತ್ರೆ ಬೇಳೆ ಅಲ್ವಾ!"

ಸೂಪಿನ ತೊಟ್ಟಿಯಲ್ಲಿದ್ದ ಅಂಚೆಯವಳು. ಎದ್ದೇ ನಿಂತಿದ್ದಳು. "ನನ್ನ ಮಗಳು ಹುಟ್ಟಿದಾಗ ತಿಂದಿದ್ದೆ. ಹೆರಿಗೆ ಆಗಿ ಮೊದಲ ಊಟ ಇದು. ಈ ನಿಂಬೆ ವಾಸನೆ! ಅಬ್ಬಾ, ಇಡೀ ತಟ್ಟೆ ನೆಕ್ಕಿದ್ದೆ!"

"ಹೌದು ಹೌದು, ಅದೇ," ಎಂದ ಕಮಾನಿನ ಆಚೆಯಿಂದ ಒಬ್ಬ. "ಕಾಲು ಮುರಿದಾಗ ಮೂರು ತಿಂಗಳು ಇದನ್ನೇ ತಿಂದಿದೀನಿ. ಬೈಕೊಂಡು ಬೈಕೊಂಡು ತಿಂದಿದೀನಿ."

"ನಮ್ಮಪ್ಪ ಮನೇಗೆ ಬಂದ್ಮೇಲೂ ಅದೇ ಬೇಳೆ ಬೇಕು ಅಂತ ಹಟ ಮಾಡ್ತಿದ್ರು. ಎಷ್ಟು ಸಲ ಮಾಡಿದ್ರೂ ಅಮ್ಮನಿಗೆ ಬರಲಿಲ್ಲ."

"ಸುಟ್ಟ ಬೆಳ್ಳುಳ್ಳಿ ಕಣ್ರೀ, ಅದು ಸುಟ್ಟ ಬೆಳ್ಳುಳ್ಳಿ..."

ಒಂದೂರಿಗೆ ಒಂದೇ ದೊಡ್ಡಾಸ್ಪತ್ರೆ. ಹುಟ್ಟಲು, ಮೂಳೆ ಕೂಡಲು, ಕಾಯಲು, ಕೊನೆಯಾಗಲು ಎಲ್ಲರೂ ಅಲ್ಲಿಗೇ ಹೋಗಬೇಕು. ಇದು ಯಾರಿಗಾದರೂ ಹೊಳೆಯಬಹುದಾದ ಲೆಕ್ಕ, ನಮಗೆ ಹೊಳೆದಿರಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಉದ್ದ ಮೇಜನ್ನು ನೋಡಿದೆ. ಎರಡು ಮನೆಗಳ ತುಂಬ ಜನ, ಪ್ರತಿಯೊಬ್ಬರೂ ತುತ್ತು ಬಾಯಲ್ಲಿಟ್ಟುಕೊಂಡು ತಮ್ಮ ಜೀವನದ ಯಾವುದೋ ಒಂದು ಹಾಸಿಗೆಗೆ ಹೋಗಿ ಬರುತ್ತಿದ್ದರು. ಈ ಊರಿಗೆ ಊರೇ ನಮ್ಮಕ್ಕನ ಕೈ ಊಟ ಉಂಡಿತ್ತು. ಅವಳೊಬ್ಬಳು ಅದನ್ನು ನೋಡಿರಲಿಲ್ಲ.

ಮೇಜಿನ ಈ ತುದಿಯಲ್ಲಿ ಕೂತಿದ್ದ ಒಬ್ಬಾತ ಮಾತ್ರ ತಟ್ಟೆಯನ್ನು ಮುಂದಕ್ಕೆ ಸರಿಸಿದ್ದ. ಬೀಗ ರಿಪೇರಿ ಮಾಡುವವನು. ಸೊಂಟಕ್ಕೆ ಬೀಗದಕೈಗಳ ಬಳೆ ಕಟ್ಟಿಕೊಂಡಿದ್ದ. ಒಂದು ತುತ್ತು ತಿಂದಿದ್ದನಷ್ಟೆ.

"ಏನಪ್ಪಾ, ಸೇರಲಿಲ್ವಾ?" ಎಂದರು ಯಜಮಾನಿ.

"ನಮ್ಮನೆಯವಳು ಕೊನೇಲಿ ತಿಂದಿದ್ದು ಇದೇ," ಎಂದ ಅವನು. "ಎರಡು ತುತ್ತು."

ಆಗ ಅಕ್ಕ ಹೊರಗೆ ಬಂದಳು.

ಅವಳು ಓಡಿಹೋಗುತ್ತಾಳೆ ಎಂದೇ ನಾನೆಣಿಸಿದ್ದೆ. ಹಿತ್ತಿಲ ಬಾಗಿಲು ಇತ್ತು, ತೆರೆದೂ ಇತ್ತು. ಸೌಟು ಕೈಯಲ್ಲೇ, ಬೇಳೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಮೇಜಿಗೆ ಹತ್ತಿರ ಬಂದು ಅವನ ಎದುರು ನಿಂತಳು. ತನ್ನ ಅಡುಗೆಯ ತಟ್ಟೆ, ಅದರ ಹಿಂದೆ ಒಂದು ಮುಖ: ಅವಳು ಅದುವರೆಗೂ ಕಂಡಿರದ ದೃಶ್ಯ. ಕ್ಷಮಿಸಿ ಎನ್ನುತ್ತಾಳೆಂದುಕೊಂಡೆ. ಅದನ್ನೂ ಅನ್ನಲಿಲ್ಲ.

"ಆ ಎರಡು ತುತ್ತು," ಎಂದಳು, "ಅವರಿಗೆ ಹಿಡಿಸ್ತಾ?"

ಬೀಗದವನು ತಲೆಯೆತ್ತಿದ. ಇಂಥ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಾರರು. ಸುಳ್ಳು ಹೇಳಬಾರದು ಎಂಬಂತೆ ಯೋಚಿಸಿದ.

"ಚೆನ್ನಾಗಿದೆ ಅಂದ್ಲು," ಎಂದ. "ಬೆಳ್ಳುಳ್ಳಿ ಒಂಚೂರು ಮುಂದಾಯ್ತು ಅಂದ್ಲು. ಇನ್ನೆರಡು ನಾಳೆಗೆ ಇರ್ಲಿ ಅಂದ್ಲು."

"ಬೆಳ್ಳುಳ್ಳಿ ಮುಂದಾಯ್ತಾ?"

"ಹೂಂ. ಅಡುಗೆ ವಿಷಯದಲ್ಲಿ ಅವಳ ಮೂಗು ಜೋರು."

"ಮುಂದಾಗಿರುತ್ತೆ," ಎಂದಳು ಅಕ್ಕ, ನಿಧಾನಕ್ಕೆ. "ಮಳೆಗಾಲದ ಬೆಳ್ಳುಳ್ಳಿ ಆದ್ರೆ ಘಾಟು. ಕಡಿಮೆ ಹಾಕ್ಬೇಕಿತ್ತು. ನನಗೆ ಗೊತ್ತಾಗಲಿಲ್ಲ."

ಇಪ್ಪತ್ತು ವರ್ಷದಲ್ಲಿ ಅವಳ ಅಡುಗೆಯ ಬಗ್ಗೆ ಅವಳ ಕಿವಿಗೆ ಬಿದ್ದ ಮೊದಲ ದೂರು ಅದು. ಅದನ್ನು ಹೇಳಿದವಳು ಇರಲಿಲ್ಲ, ಆದರೆ ಮಾತು ಬಂದು ಮುಟ್ಟಿತ್ತು. ಅಕ್ಕನ ಮುಖದಲ್ಲಿ ಆಗ ಕಂಡದ್ದಕ್ಕೆ ನನ್ನ ಹತ್ತಿರ ಪದವಿಲ್ಲ. ನಮ್ಮ ಅಂಗಡಿಯಲ್ಲಿ ಮೊದಲ ಸಲ ಸರಿಯಾದ ಗಾಜು ಹಾಕಿಕೊಂಡು ಬೀದಿಯತ್ತ ತಿರುಗುವವರ ಮುಖ ನೋಡಿದ್ದೇನೆ. ಎಲೆಗಳು ಬೇರೆಬೇರೆಯಾಗಿ ಕಾಣುತ್ತವೆ ಎಂದು ಕೆಲವರು ಅಳುತ್ತಾರೆ. ಸ್ವಲ್ಪಮಟ್ಟಿಗೆ ಹಾಗೆ.

"ನಿಮಗೆ?" ಎಂದು ಅಕ್ಕ ಅಂಚೆಯವಳ ಕಡೆ ತಿರುಗಿದಳು. "ನಿಮಗೆ ಏನು ಕಡಿಮೆ ಅನ್ನಿಸಿತ್ತು ಆಗ? ನಿಜ ಹೇಳಿ."

"ನಿಜ ಹೇಳ್ಬೇಕಂದ್ರೆ ಅನ್ನ ಮುದ್ದೆ ಆಗ್ತಿತ್ತು."

"ಅದು ಮುಚ್ಚಿದ ತಟ್ಟೆ ಹಬೆಗೆ! ಲಿಫ್ಟು ನಿಧಾನ." ಅಕ್ಕ ಭಾವನತ್ತ ಸೌಟು ತೋರಿಸಿದಳು. "ಇವರಿಂದ."

"ನೋಡಿ, ಕೊನೆಗೆ ನನ್ನ ತಲೇಗೆ ಬಂತು," ಎಂದರು ಭಾವ. ಮೇಜಿಗೆ ಮೇಜೇ ನಕ್ಕಿತು, ಎರಡೂ ಮನೆಗಳಲ್ಲಿ.

ಆಮೇಲೆ ತಡೆಯೇ ಇರಲಿಲ್ಲ. ಕಾಲು ಮುರಿದಿದ್ದವನು ಮೂರು ತಿಂಗಳು ನುಂಗಿಕೊಂಡಿದ್ದ ಬೈಗುಳವನ್ನೆಲ್ಲ ಬಾಯಿಬಿಟ್ಟು ಹೇಳಿದ. ಯಾರೋ ಕುಂಬಳಕಾಯಿ ಸಾಕು ಎಂದರು, ಯಾರೋ ಕುಂಬಳಕಾಯಿಯೇ ಚೆಂದ ಎಂದರು. ಅಕ್ಕ ಮೇಜಿನ ಗುಂಟ ನಡೆಯುತ್ತಾ, ಕಮಾನಿನಡಿ ಬಾಗಿ, ಆಚೆ ಮನೆಗೂ ಹೋಗಿ ಒಬ್ಬೊಬ್ಬರ ಮುಖವನ್ನೂ ಬಗ್ಗಿ ನೋಡಿ ಕೇಳಿದಳು. ಬೈದವರ ಹತ್ತಿರ ಹೆಚ್ಚು ಹೊತ್ತು ನಿಂತಳು.

"ಸಾಕು ಬಿಡಿ ನಿಮ್ಮ ಪುರಾಣ," ಎಂದು ಯಜಮಾನಿ ಉಪ್ಪಿನ ಬಟ್ಟಲನ್ನು ಮೇಜಿನ ತಲೆಗೆ ಕುಕ್ಕಿದರು. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದ್ರಾ? ಹಾಕ್ಕೊಂಡು ತಿನ್ನಿ, ಆರಿ ಹೋಗ್ತಿದೆ."

ಬಟ್ಟಲು ಕೈಯಿಂದ ಕೈಗೆ ಹೊರಟಿತು. ಎಲ್ಲರೂ ಚಿಟಿಕೆ ತೆಗೆದುಕೊಂಡರು. ಬೀಗದವನ ಕೈಗೆ ಬಂದಾಗ ಅವನು ಅದನ್ನು ಹಾಗೇ ಪಕ್ಕದವನಿಗೆ ದಾಟಿಸಿ, ದೂರ ಸರಿಸಿದ್ದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಅಕ್ಕ ಕಮಾನಿನಡಿ ನಿಂತು ಅವನು ತಿನ್ನುವುದನ್ನು ನೋಡಿದಳು. ಮೂರನೇ ತುತ್ತನ್ನು ಬಾಯಿಗಿಡುವ ಮೊದಲು ಅವನು ಸ್ವಲ್ಪ ತಡೆದ. ಆಮೇಲೆ ತಿಂದ. ತಟ್ಟೆ ಮುಗಿಯುವವರೆಗೂ ಅವಳು ಕದಲಲಿಲ್ಲ.

ಕೋಣೆಯನ್ನು ನಾವು ನೋಡಿದ್ದು ಎಲ್ಲ ಮುಗಿದ ಮೇಲೆ. ಎರಡು ಬಾಗಿಲು ಆಚೆ. ಯಜಮಾನಿ ಭುಜದಿಂದ ಕದವನ್ನು ನೂಕಿದರು, ಹೊರಗಿನ ಬೆಳಕು ನಮಗಿಂತ ಮೊದಲು ಒಳಗೆ ಹೋಯಿತು. ಎತ್ತರದ ಕಲ್ಲಿನ ಕಮಾನು ಛಾವಣಿ, ಬರಿಯ ನೆಲ. ಕಾವಲಿನವರು ಇರುತ್ತಿದ್ದ ಜಾಗವಂತೆ, ಕೋಟೆಗೆ ಕಾವಲು ಬೇಕಿದ್ದ ಕಾಲದಲ್ಲಿ. ಬಾಗಿಲ ಪಕ್ಕದಲ್ಲಿ ಛಾವಣಿಯ ಒಂದು ಭಾಗ ಕಪ್ಪಗಿತ್ತು. ಭಾವ ಎಟುಕಿಸಿ ಗೋಡೆಗೆ ಬೆರಳು ಎಳೆದರು. ಮಸಿ. ಇನ್ನೂ ಬೆರಳಿಗೆ ಹತ್ತುವಂಥ ಮಸಿ.

"ಇಲ್ಲಿ ಯಾರೋ ಬೇಯಿಸಿದ್ದಾರೆ," ಎಂದರು ಭಾವ, ತೊಟ್ಟಿಯಲ್ಲಿ ಮಾತಾಡಿದ್ದಕ್ಕಿಂತ ಮೆಲ್ಲಗೆ.

ನಾವು ನಾಲ್ವರೂ ತಲೆಯೆತ್ತಿ ಆ ಮಸಿಯನ್ನು ನೋಡಿದೆವು. ಯಾರು, ಯಾರಿಗೆ, ಏನನ್ನು ಎಂದು ಹೇಳಲು ಯಾರೂ ಉಳಿದಿಲ್ಲ. ಹೊಗೆ ಉಳಿದಿದೆ.

"ಒಲೆ ಹಿಂದುಗಡೆ ಹಾಕ್ಕೋ," ಎಂದರು ಯಜಮಾನಿ. "ಎಲ್ರೂ ಹಾಗೇ ಮಾಡೋದು. ಇಲ್ಲಿ ಇಟ್ರೆ ಹೊಗೆ ಗಿರಾಕಿ ಕಣ್ಣಿಗೆ."

"ಹಿಂದೆ ಬೇಡ," ಎಂದಳು ಅಕ್ಕ. ಬಾಗಿಲ ಪಕ್ಕ, ಮಸಿಯ ಕೆಳಗೆ ಹೋಗಿ ನಿಂತಳು. ಕೈಯಲ್ಲಿ ಇಲ್ಲದ ಸೌಟನ್ನು ಹಿಡಿದವಳಂತೆ ಕೈ ಮಡಚಿದಳು. "ಒಲೆ ಇಲ್ಲಿ. ರೀ, ನೀವು ಅಲ್ಲಿ ಹೋಗಿ ಕೂತ್ಕೊಳ್ಳಿ. ಅಲ್ಲಲ್ಲ, ಇನ್ನೂ ಈಚೆ. ಹಾಂ."

ಭಾವ ಬರಿನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ತಿನ್ನಿ."

"ಏನನ್ನ?"

"ಸುಮ್ನೆ. ತಿನ್ನೋ ಹಾಗೆ ಮಾಡಿ."

ಭಾವ ಗಾಳಿಯನ್ನು ಕಲಸಿ, ತುತ್ತು ಮಾಡಿ ಬಾಯಿಗಿಟ್ಟರು. ಕಣ್ಣು ಮುಚ್ಚಿ, ತಲೆದೂಗಿ, ಆಹಾ ಎಂದು ಬೆರಳು ನೆಕ್ಕಿದರು.

"ಹಾಗೆ ಯಾರೂ ತಿನ್ನಲ್ಲ," ಎಂದಳು ಅಕ್ಕ. "ಸರಿಯಾಗಿ ತಿನ್ನಿ."

ಅವರು ನಟನೆ ಬಿಟ್ಟರು. ತಲೆ ತಗ್ಗಿಸಿ, ಮದುವೆಯಾದ ಇಷ್ಟು ವರ್ಷವೂ ಅಡುಗೆಮನೆಯ ಮೂಲೆಯಲ್ಲಿ ಕೂತು ಉಂಡ ಹಾಗೆ, ಸುಮ್ಮನೆ ಒಂದೊಂದೇ ತುತ್ತು ತಿಂದರು. ಅಕ್ಕ ಸ್ವಲ್ಪ ಎಡಕ್ಕೆ ಸರಿದಳು. ಇನ್ನೂ ಸ್ವಲ್ಪ.

"ಈಗ ಕಾಣಿಸುತ್ತೆ," ಎಂದಳು. ಆಮೇಲೆ, ಕಣ್ಣು ಅವರ ಮೇಲಿಂದ ತೆಗೆಯದೆ, ಯಜಮಾನಿಗೆ ಹೇಳಿದಳು: "ಹೂಂ ಅಮ್ಮ."